ಮಲಾಣಾ ನಮ್ಮ ಪ್ಲ್ಯಾನ್‌ನಲ್ಲಿ ಇಲ್ಲ



ಮೇ ತಿಂಗಳಲ್ಲಿ ನಮ್ಮ ಸಂಘಟನೆಯ ಐದು ಮನೆಯವರು ಸೇರಿ ಹಿಮಾಚಲಕ್ಕೆ ಹೋಗೋಣ ಅಂತ ಮಾತಾಡ್ಕೊಂಡಿದ್ದೀವಿ. ಯಶವಂತಪುರದಿಂದ ಚಂಡೀಗಢಕ್ಕೆ ಸಂಪರ್ಕ ಕ್ರಾಂತಿ ರೈಲು, ಆಮೇಲೆ ಕಾಲ್ಕಾದಿಂದ ಪುಟಾಣಿ ರೈಲಲ್ಲಿ ಶಿಮ್ಲಾ, ಅಲ್ಲಿಂದ ಬಸ್ಸಲ್ಲಿ ಕುಲ್ಲು, ಮನಾಲಿ. ರೈಲು ಬುಕಿಂಗ್ 60 ದಿನ ಮುಂಚೆ ಓಪನ್ ಆಗುತ್ತೆ, ಅದಕ್ಕೇ ಈಗಲೇ ಪಟ್ಟಿ ಹಾಕ್ತಿದ್ದೀವಿ. ವಿಷಯ ಗೊತ್ತಾದ ಕೂಡಲೇ ಎರಡು ಮಾತು ಬಂತು. ಒಂದು, "ಹೋರಾಟ ಮಾಡೋರಿಗೆ ಮನಾಲಿ ಯಾಕೆ ಸ್ವಾಮಿ?" ಇನ್ನೊಂದು ನಮ್ಮದೇ ಗುಂಪಿನ ಹುಡುಗ ಕೇಳಿದ್ದು: "ಅಣ್ಣಾ, ಅಷ್ಟು ದೂರ ಹೋಗಿ ಮಲಾಣಾ ನೋಡದೆ ಬರೋದಾ?" ಎರಡಕ್ಕೂ ಇಲ್ಲೇ ಉತ್ತರ ಬರೀತೀನಿ.

ಮೊದಲನೇದಕ್ಕೆ ಉತ್ತರ ಚಿಕ್ಕದು. ನಮ್ಮ ಜನ ದೂರ ಪ್ರಯಾಣ ಮಾಡೋದು ಅಂದ್ರೆ ನಾಗಪುರದ ದೀಕ್ಷಾಭೂಮಿ, ಜನವರಿ 1ಕ್ಕೆ ಭೀಮಾ ಕೋರೆಗಾಂವ್, ಡಿಸೆಂಬರ್ 6ಕ್ಕೆ ಮುಂಬೈನ ಚೈತ್ಯಭೂಮಿ. ಅಲ್ಲಿಗೆ ಹೋಗ್ತೀವಿ, ಹೋಗ್ತಾನೇ ಇರ್ತೀವಿ. ಆದರೆ ಸುಮ್ಮನೆ ಹಿಮ ನೋಡೋಕೆ, ಮಕ್ಕಳ ಜತೆ ನಗೋಕೆ ಹೋಗುವ ಹಕ್ಕೂ ನಮಗಿದೆ. ದುಡಿಯೋದು, ಹೋರಾಡೋದು, ಸಾಯೋದು ಇಷ್ಟೇ ನಮ್ಮ ಬದುಕು ಅಂತ ಯಾರೂ ಬರೆದುಕೊಟ್ಟಿಲ್ಲ.

ಎರಡನೇ ಮಾತು ದೊಡ್ಡದು. ಇಲ್ಲಿ ಬ್ರೂಕ್‌ಫೀಲ್ಡ್, ಕುಂದಲಹಳ್ಳಿ ಕಡೆ ಪಿಜಿಗಳಲ್ಲಿರೋ ಹುಡುಗರನ್ನ ಕೇಳಿ. ಮೂರು ದಿನ ರಜೆ ಸಿಕ್ಕರೆ ಕಸೋಲ್, ಕಸೋಲ್‌ನಿಂದ ಮಲಾಣಾ. ಅದು ಕುಲ್ಲು ಜಿಲ್ಲೆಯ ಪಾರ್ವತಿ ಕಣಿವೆಯ ಕಡೆ ಇರೋ ಬೆಟ್ಟದ ಹಳ್ಳಿ. ಅಲ್ಲಿನವರ ದೇವರು ಜಮ್ಲು. ಹೊರಗಿನವರು ದೇವಸ್ಥಾನ, ಮನೆಗೋಡೆ ಮುಟ್ಟಬಾರದು. ಮುಟ್ಟಿದರೆ ದಂಡ ಅಂತ ಬೋರ್ಡ್ ಹಾಕಿದ್ದಾರೆ. ಅಂಗಡಿಯಲ್ಲಿ ದುಡ್ಡು ಕೈಗೆ ಕೊಡೋ ಹಾಗಿಲ್ಲ, ಕೆಳಗಿಡಬೇಕು. ಸಾಮಾನನ್ನೂ ಕೆಳಗಿಡ್ತಾರೆ, ನೀವು ಎತ್ಕೋಬೇಕು. ಅಲೆಕ್ಸಾಂಡರನ ಸೈನಿಕರ ವಂಶ ಅನ್ನೋ ಒಂದು ಕಥೆನೂ ಇದೆ, ಅದಕ್ಕೆ ಇತಿಹಾಸದ ಆಧಾರ ಇಲ್ಲ. ಆದರೆ ರೀಲ್ಸ್‌ಗೆ ಅದೇ ಬಂಡವಾಳ. ಬೋರ್ಡ್ ಪಕ್ಕ ನಿಂತು ಫೋಟೋ, ಕೆಳಗೆ "ಇಲ್ಲಿ ನಾನೇ ಅಸ್ಪೃಶ್ಯ" ಅಂತ ಒಂದು ನಗು.

ಆ ನಗು ನನಗೆ ಬರಲ್ಲ. ಯಾಕೆ ಅಂತ ಹೇಳ್ತೀನಿ.

2022ರ ಸೆಪ್ಟೆಂಬರ್. ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿ. ಊರ ದೇವರ ಉತ್ಸವಕ್ಕೆ ಸಂಬಂಧಿಸಿದ ಕಂಬವನ್ನ ನಮ್ಮ ಸಮುದಾಯದ ಒಬ್ಬ ಹುಡುಗ ಮುಟ್ಟಿದ. ಮೈಲಿಗೆ ಆಯ್ತು ಅಂತ ಮನೆಯವರಿಗೆ 60,000 ರೂಪಾಯಿ ದಂಡ. ಕಟ್ಟದಿದ್ದರೆ ಊರು ಬಿಡಿ ಅಂದರು. ಆ ಮನೆಯವರು ದೇವರ ಫೋಟೋ ತೆಗೆದು ಬಾಬಾಸಾಹೇಬರ ಫೋಟೋ ಇಟ್ಟಿದ್ದು ನಿಮಗೆಲ್ಲ ನೆನಪಿರಬೇಕು. ಅದಕ್ಕಿಂತ ಒಂದು ವರ್ಷ ಮುಂಚೆ, 2021ರಲ್ಲಿ, ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಎರಡು ವರ್ಷದ ಕೂಸು ಮಳೆ ಬಂತು ಅಂತ ಗುಡಿಯೊಳಗೆ ಓಡಿತು. ಅದಕ್ಕೂ ದಂಡ, ಗುಡಿ ಶುದ್ಧಿ ಮಾಡೋ ಖರ್ಚು ಅಪ್ಪನ ತಲೆ ಮೇಲೆ.

ಮಾಲೂರು ಎಲ್ಲಿದೆ? ವೈಟ್‌ಫೀಲ್ಡ್‌ನಿಂದ ಅದೇ ರೈಲು ಮಾರ್ಗದಲ್ಲಿ ಹೋದರೆ ಸಿಗುತ್ತೆ. ಆ ಕಡೆಯಿಂದ ಬೆಳಗಿನ ರೈಲಲ್ಲಿ ಬರೋ ಹೆಣ್ಣುಮಕ್ಕಳು ಇಲ್ಲಿನ ಆಫೀಸುಗಳಲ್ಲಿ ಹೌಸ್‌ಕೀಪಿಂಗ್ ಮಾಡ್ತಾರೆ, ಅಪಾರ್ಟ್‌ಮೆಂಟುಗಳಲ್ಲಿ ಪಾತ್ರೆ ತೊಳೀತಾರೆ. ಅದೇ ಅಪಾರ್ಟ್‌ಮೆಂಟುಗಳಲ್ಲಿ ಎಷ್ಟೋ ಕಡೆ ಅವರಿಗೆ ಬೇರೆ ಲಿಫ್ಟ್. ಮುಟ್ಟಿದ್ದಕ್ಕೆ ದಂಡ ಹಾಕೋ ಊರನ್ನ ನೋಡೋಕೆ ವಿಮಾನ ಹತ್ತಿ ಹಿಮಾಲಯಕ್ಕೆ ಹೋಗೋರಿಗೆ ಲೋಕಲ್ ರೈಲಿನ ದೂರದಲ್ಲಿರೋ ಉಳ್ಳೇರಹಳ್ಳಿ ಕಾಣಲ್ಲ. ಅಲ್ಲಿ ದಂಡ ಒಂದು ಅನುಭವ, ಇಲ್ಲಿ ದಂಡ ಒಂದು ಬದುಕು. ಪ್ರವಾಸಿ ಬೆಟ್ಟ ಇಳಿದ ತಕ್ಷಣ ಅವನ ಅಸ್ಪೃಶ್ಯತೆ ಮುಗೀತು. ಉಳ್ಳೇರಹಳ್ಳಿ ಹುಡುಗ ಎಲ್ಲಿಗೆ ಇಳೀಬೇಕು?

ಇದಕ್ಕೆ ಒಂದು ವಾದ ಬರುತ್ತೆ, ಬರಲಿ. "ಅಲ್ಲಿ ಬ್ರಾಹ್ಮಣನನ್ನೂ ಮುಟ್ಟಿಸಿಕೊಳ್ಳಲ್ಲ, ಎಲ್ಲರೂ ಸಮಾನ. ಅದು ಅವರ ಸಂಸ್ಕೃತಿ, ಅವರ ಪಾಡಿಗೆ ಬಿಡಿ." ಸರಿ, ನಾನೂ ಅದನ್ನೇ ಹೇಳ್ತಿರೋದು: ಅವರ ಪಾಡಿಗೆ ಬಿಡಿ. ಅವರಿಗೆ ಬುದ್ಧಿ ಹೇಳೋಕೆ ನಾನು ಹೊರಟಿಲ್ಲ. ಹೊರಗಿನವರ ಕಾಟಕ್ಕೆ ಬೇಸತ್ತು 2017ರಲ್ಲಿ ಆ ಊರವರೇ ದೇವರ ಅಪ್ಪಣೆ ಅಂತ ಗೆಸ್ಟ್‌ಹೌಸ್ ಮುಚ್ಚಿಸಿದ್ದರು. ನನ್ನ ತಕರಾರು ಇರೋದು ಮುಟ್ಟಬೇಡ ಅನ್ನೋ ಬೋರ್ಡನ್ನ ಟೂರ್ ಪ್ಯಾಕೇಜಲ್ಲಿ ಹಾಕಿ ಮಾರೋರ ಮೇಲೆ. ಬ್ರಾಹ್ಮಣನನ್ನೂ ಮುಟ್ಟಿಸಿಕೊಳ್ಳಲ್ಲ ಅಂದ ಮಾತ್ರಕ್ಕೆ ಮೈಲಿಗೆ ಅನ್ನೋದು ಸಮಾನತೆ ಆಗಲ್ಲ. ತಲೆಮಾರುಗಟ್ಟಲೆ ಕೆಳಗಿಟ್ಟ ದುಡ್ಡು, ಮೇಲಿಂದ ಹುಯ್ದ ನೀರು ನೋಡಿದ ಜನ ನಾವು. ಅದನ್ನೇ ಮತ್ತೆ ನೋಡೋಕೆ ನಮ್ಮ ಮಕ್ಕಳನ್ನ ಕರ್ಕೊಂಡು, ಕೈಯಿಂದ ದುಡ್ಡು ಕೊಟ್ಟು ಹೋಗಬೇಕಾ?

ಹಾಗಾದ್ರೆ ನಮ್ಮ ಪಟ್ಟಿಯಲ್ಲಿ ಏನಿದೆ?

ಹಿಮ ಇದೆ, ಪುಟಾಣಿ ರೈಲಿದೆ. 1903ರಲ್ಲಿ ಶುರುವಾದ ಆ 96 ಕಿಲೋಮೀಟರ್ ದಾರಿಯ ಸುರಂಗಗಳನ್ನ ಮಕ್ಕಳು ಎಣಿಸಲಿ. ಶಿಮ್ಲಾದ ಚೌಡಾ ಮೈದಾನದಲ್ಲಿ ಬಾಬಾಸಾಹೇಬರ ಪ್ರತಿಮೆ ಇದೆ, ಅಲ್ಲೊಂದು ಗುಂಪು ಫೋಟೋ. ಅಲ್ಲಿಂದ ವೈಸ್‌ರಾಯ್ ಬಂಗಲೆ, ಈಗ ಅದು ಉನ್ನತ ಅಧ್ಯಯನ ಸಂಸ್ಥೆ. 1945ರ ಜೂನ್‌ನಲ್ಲಿ ಶಿಮ್ಲಾ ಸಮ್ಮೇಳನ ಕೂತಾಗ ಕಾಂಗ್ರೆಸ್, ಮುಸ್ಲಿಂ ಲೀಗ್ ನಾಯಕರ ಜತೆ ಪರಿಶಿಷ್ಟ ಜಾತಿಗಳ ಪ್ರತಿನಿಧಿಯಾಗಿ ಮದ್ರಾಸಿನ ಎನ್. ಶಿವರಾಜ್ ಕೂತಿದ್ದರು. ಗೈಡ್ ಜಿನ್ನಾ, ನೆಹರೂ ಹೆಸರು ಹೇಳ್ತಾನೆ. ಶಿವರಾಜರ ಹೆಸರು ನಾವು ಹೇಳಬೇಕು.

2011ರ ಜನಗಣತಿ ಪ್ರಕಾರ ಹಿಮಾಚಲದಲ್ಲಿ ನಾಲ್ವರಲ್ಲಿ ಒಬ್ಬರು ಪರಿಶಿಷ್ಟ ಜಾತಿಯವರು, ಶೇ. 25. ನಮ್ಮ ಕರ್ನಾಟಕದಲ್ಲಿ ಶೇ. 17. ಪ್ರವಾಸದ ವಿಡಿಯೋಗಳಲ್ಲಿ ಆ ನಾಲ್ಕನೆಯವರು ಕಾಣೋದೇ ಇಲ್ಲ. ಕುಲ್ಲು ದಸರಾದಲ್ಲಿ ದೇವರ ಪಲ್ಲಕ್ಕಿ ಮುಂದೆ ಡೋಲು, ಕಹಳೆ ನುಡಿಸೋರು ಬಹುಪಾಲು ದಲಿತರೇ. ತಮಟೆ ಹೊಡೆದು ಗುಡಿ ಹೊರಗೆ ನಿಂತವರಿಗೆ ಇದನ್ನ ಬಿಡಿಸಿ ಹೇಳಬೇಕಿಲ್ಲ. ಅದೇ ಕುಲ್ಲು ಜಿಲ್ಲೆಯಲ್ಲಿ 2018ರ ಫೆಬ್ರವರಿಯಲ್ಲಿ ಪ್ರಧಾನಿಯವರ ಪರೀಕ್ಷಾ ಚರ್ಚೆಯನ್ನ ಟಿವಿಯಲ್ಲಿ ತೋರಿಸುವಾಗ ನಮ್ಮನ್ನ ಹೊರಗೆ, ಕುದುರೆ ಕಟ್ಟೋ ಜಾಗದಲ್ಲಿ ಕೂರಿಸಿದರು ಅಂತ ದಲಿತ ಮಕ್ಕಳು ದೂರು ಬರೆದುಕೊಟ್ಟರು. ಆ ಶಾಲೆ ಮಕ್ಕಳ ಧೈರ್ಯ ಮಲಾಣಾ ಬೋರ್ಡಿಗಿಂತ ದೊಡ್ಡ ಸುದ್ದಿ. ಕುಲ್ಲುಗೆ ಹೋದರೆ ಅಲ್ಲಿನ ಸಂಘಟನೆಯವರ ಜತೆ ಒಂದು ಸಂಜೆ ಕೂತು ಚಹಾ ಕುಡಿಯಬೇಕು, ಒಂದೇ ಕೆಟಲ್‌ನಿಂದ, ಒಂದೇ ಥರದ ಲೋಟದಲ್ಲಿ.

ನಮ್ಮ ಹುಡುಗನಿಗೆ ಇಷ್ಟನ್ನೂ ಹೇಳಿದೆ. "ಹಾಗಾದ್ರೆ ಮಲಾಣಾ ಕ್ಯಾನ್ಸಲ್, ಆ ದಿನ ಚೌಡಾ ಮೈದಾನಕ್ಕೆ ಇಟ್ಕೊಳ್ಳೋಣ ಅಣ್ಣಾ" ಅಂದ.

ಬರೋರು ಈ ವಾರದೊಳಗೆ ಹೆಸರು, ವಯಸ್ಸು ಇನ್‌ಬಾಕ್ಸ್ ಮಾಡಿ. ಸ್ಲೀಪರ್ ಕ್ಲಾಸೇ, ಎರಡು ದಿನದ ದಾರಿ, ಬುತ್ತಿ ಕಟ್ಕೊಂಡು ಬನ್ನಿ. ಶಿಮ್ಲಾ, ಕುಲ್ಲು ಕಡೆ ನಮ್ಮ ಚಳವಳಿಯ ಗೆಳೆಯರು ಯಾರಿಗಾದ್ರೂ ಪರಿಚಯ ಇದ್ದರೆ ತಿಳಿಸಿ.

ಜೈಭೀಮ್.