ಹಾಡು ಕೇರಿಗೆ ಬಂತು, ಕತೆ ಬರಲಿಲ್ಲ

ಕಳೆದ ಬೇಸಗೆಯಲ್ಲಿ ಮುಂಡಗೋಡ ಕಡೆಯ ನಮ್ಮ ಕೇರಿಯಲ್ಲೊಂದು ಮದುವೆ. ರಾತ್ರಿ ಡಿಜೆ ಹಚ್ಚಿದರು. ಮರಾಠಿಯ 'ಸೈರಾಟ್' ಸಿನಿಮಾದ ಝಿಂಗಾಟ್ ಹಾಡು ಬಂದದ್ದೇ ತಡ, ಕಾಲೇಜು ಹುಡುಗರೆಲ್ಲ ಅಂಗಳಕ್ಕೆ ಹಾರಿದರು. ಪಕ್ಕದಲ್ಲಿ ಕುಂತಿದ್ದ ಕಾಕಾ, "ಈ ಸಿನಿಮಾದಿಂದ ನಮ್ಮ ಹುಡುಗ್ರು ಕೆಟ್ಟು ಹೋದ್ರು ನೋಡೋ" ಅಂದ. ಕುಣಿದು ಬೆವತು ಬಂದ ತಮ್ಮನನ್ನು ಕೇಳಿದೆ: "ಇದರ ಕೊನಿಗೆ ಏನಾಗ್ತದ ಗೊತ್ತೇನಲೇ?"

"ಸಿನಿಮಾ ಯಾರ್ ನೋಡ್ಯಾರಣ್ಣಾ? ಹಾಡಷ್ಟ ಮೊಬೈಲ್‌ನ್ಯಾಗ ಅದ."

ಕಾಕಾನ ಮಾತಿಗಿಂತ ತಮ್ಮನ ಮಾತು ನನ್ನನ್ನು ಚುಚ್ಚಿತು.

ಗೆಳೆಯರೇ, ಹುಡುಗರನ್ನು ಹಿಡಿಯುವ ಮದ್ದು ಸಿನಿಮಾದವರಿಗೆ ಚೆನ್ನಾಗಿ ಗೊತ್ತು. ಒಂದು ಕಾಲೇಜು, ಒಂದು ಬೈಕು, ನಾಲ್ಕು ಮಂದಿ ಗೆಳೆಯರು, ಹುಡುಗಿಯ ಸಿಟ್ಟಿನ ಅಪ್ಪ. ಚಿತ್ರಕ್ಕಿಂತ ಮೊದಲೇ ಹಾಡು ಹೊರಗೆ ಬಿಡುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಹರೆಯಕ್ಕೆ ಹಾಡು ಬೇಕು, ನಮಗೂ ಬೇಕು. ನನ್ನ ತಕರಾರು ಬೇರೆ.

1972ರಲ್ಲಿ ಪುಟ್ಟಣ್ಣ ಕಣಗಾಲರ 'ನಾಗರಹಾವು' ಬಂತು. ಅದರ ರಾಮಾಚಾರಿ ಬ್ರಾಹ್ಮಣರ ಹುಡುಗ. ಅವನ ಮೊದಲ ಪ್ರೀತಿ ಮುರಿದದ್ದು ಜಾತಿಯಿಂದ. ಕೇರಿ ಅಲ್ಲಿಲ್ಲದಿದ್ದರೂ ಜಾತಿಯ ಹೆಸರಾದರೂ ಇತ್ತು. 1987ರಲ್ಲಿ ರವಿಚಂದ್ರನ್ ಅವರ 'ಪ್ರೇಮಲೋಕ', ಹಂಸಲೇಖರ ಹಾಡು. ಬೈಕು, ಬಣ್ಣ, ಕುಣಿತ ಮೆರೆದವು. ಆಮೇಲಿನ ಬಹುಪಾಲು ಕಾಲೇಜು ಚಿತ್ರಗಳಲ್ಲಿ ಹುಡುಗರಿಗೆ ಜಾತಿಯೇ ಇಲ್ಲ.

ಒಳ್ಳೇದಾಯ್ತಲ್ಲ ಅನ್ನುತ್ತೀರಾ? ಹಾಗಾದರೆ ಆ ನಾಯಕನ ಮನೆಯೊಳಗೆ ಹೊಕ್ಕು ನೋಡಿ. ದೇವರ ಕೋಣೆ ಇದೆ, ಅಂಗಳದಲ್ಲಿ ತುಳಸಿಕಟ್ಟೆ ಇದೆ. ನಮ್ಮ ಹಾಸ್ಟೆಲ್ಲಿನ ಟ್ರಂಕು ಎಲ್ಲಿದೆ? ಸ್ಕಾಲರ್‌ಶಿಪ್ಪಿಗಾಗಿ ಕಾಯುವ ಸಾಲು ಎಲ್ಲಿದೆ? "ನಿಮ್ಮ ಅಡ್ಡಹೆಸರೇನಪ್ಪಾ?" ಎಂಬ ಪ್ರಶ್ನೆ ಎಲ್ಲಿದೆ? ಜತೆಗೆ ಓದುತ್ತಿದ್ದ ಹುಡುಗಿಯ ಮನೆಯಲ್ಲಿ ನನಗೆ ಆ ಪ್ರಶ್ನೆ ಬಿತ್ತು. ಹೇಳಿದೆ. ಒಳಗೆ ಕುದಿಯುತ್ತಿದ್ದ ಚಹ ಹೊರಗೆ ಬರಲೇ ಇಲ್ಲ. ಇದನ್ನು ಯಾವ ಹಾಡಿನಲ್ಲಿ ಹಾಕುತ್ತಾರೆ?

ಹಾಕಿದವನೊಬ್ಬನಿದ್ದಾನೆ. ಸೋಲಾಪುರ ಜಿಲ್ಲೆಯ ನಾಗರಾಜ ಮಂಜುಳೆ, ದಲಿತ ಮನೆಯಲ್ಲಿ ಹುಟ್ಟಿದ ಕವಿ. 2016ರ 'ಸೈರಾಟ್' ಅವರದು. ಹುಡುಗರನ್ನು ಹಿಡಿಯುವ ಎಲ್ಲ ಮದ್ದೂ ಅದರಲ್ಲಿದೆ. ಅಜಯ್-ಅತುಲ್ ಹಾಡು, ಬುಲೆಟ್ ಓಡಿಸುವ ಪಾಟೀಲನ ಮಗಳು, ಬಾವಿಗೆ ಧುಮುಕುವ ಮೀನುಗಾರರ ಹುಡುಗ. ಅದೇ ನಗುವಿನ ನಡುವೆ ತರಗತಿಯಲ್ಲಿ ಪಾಠ ಮಾಡುವ ದಲಿತ ಮೇಷ್ಟ್ರ ಕೆನ್ನೆಗೆ ಪಾಟೀಲನ ಮಗ ಬಾರಿಸುತ್ತಾನೆ. ಓಡಿಹೋದ ಮೇಲೆ ಹಾಡು ನಿಲ್ಲುತ್ತದೆ. ಕೊನೆಗೆ ಸದ್ದೂ ನಿಲ್ಲುತ್ತದೆ. ಹೆತ್ತವರ ರಕ್ತ ತುಳಿದ ಕೂಸಿನ ಹೆಜ್ಜೆಗಳಷ್ಟೇ ಬಾಗಿಲಾಚೆ ಹೋಗುತ್ತವೆ. ಕುಣಿಸಿದವನೇ ಬಾಯಿ ಕಟ್ಟಿಸಿ ಕಳಿಸುತ್ತಾನೆ.

ಇದನ್ನು ಉಳಿದವರು ಏನು ಮಾಡಿದರು? 2017ರಲ್ಲಿ ಎಸ್. ನಾರಾಯಣ್ ಕನ್ನಡಕ್ಕೆ ತಂದರು. ನಾಯಕಿ ಅದೇ ರಿಂಕು ರಾಜಗುರು. ಸೈರಾಟ್ ಅಂದರೆ ಲಂಗುಲಗಾಮಿಲ್ಲದ್ದು. ನಮ್ಮಲ್ಲಿ ಅದರ ಹೆಸರು 'ಮನಸು ಮಲ್ಲಿಗೆ' ಆಯಿತು! 2018ರ ಹಿಂದಿಯ 'ಧಡಕ್' ಅದನ್ನು ಉದಯಪುರಕ್ಕೆ ಒಯ್ದಿತು. ಸರೋವರ, ಹವೇಲಿ ಬಂದವು, ಜಾತಿ ಗಂಟಲೊಳಗೆ ಇಳಿಯಿತು. ಝಿಂಗಾಟ್ ಮಾತ್ರ ಹಿಂದಿಯಾಗಿ ಉಳಿಯಿತು.

ದೂರ ಯಾಕೆ, ನಮ್ಮ ಜಿಲ್ಲೆಯನ್ನೇ ನೋಡಿ. 2021ರ 'ಸಲಗ' ಚಿತ್ರದ ಪ್ರಚಾರದ ಹಾಡಿಗೆ ಸಿದ್ದಿ ಸಮುದಾಯದವರ ದನಿ ಬೇಕಾಯಿತು. ಹಾಡಿದವರ ಬಗ್ಗೆ ನನಗೆ ಹೆಮ್ಮೆ. ಆದರೆ ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ಬದುಕುವ ಸಿದ್ದಿ ಹುಡುಗನೊಬ್ಬ ಬೈಕೇರಿ ಕಾಲೇಜಿಗೆ ಹೋಗುವ ನಾಯಕ ಯಾವಾಗ ಆಗುತ್ತಾನೆ? ದನಿ ಬೇಕು, ಕುಣಿತ ಬೇಕು, ಬದುಕು ಬೇಡವೇ?

ಆಗದ ಮಾತೇನಲ್ಲ. 2023ರಲ್ಲಿ ತೇಜಸ್ವಿಯವರ ಓದುಗರು ದುಡ್ಡು ಹಾಕಿ 'ಡೇರ್‌ಡೆವಿಲ್ ಮುಸ್ತಾಫಾ' ಮಾಡಿಸಿದರು. ಕಾಲೇಜು, ಕ್ರಿಕೆಟ್ಟು, ತಮಾಷೆ ಎಲ್ಲ ಇಟ್ಟುಕೊಂಡೇ ಹಿಂದೂ-ಮುಸ್ಲಿಂ ಹುಡುಗರ ನಡುವಿನ ಗೋಡೆಯ ಮಾತಾಡಿತು. ಕನ್ನಡದ ಹುಡುಗರು ಕೂತು ನೋಡಿದರು.

ಹಿರಿಯರಲ್ಲಿ ಒಂದು ಮಾತು. ಸಿನಿಮಾವನ್ನು ಬೈಯುತ್ತ ಕೂತರೆ ಮಕ್ಕಳು ನಮ್ಮ ಸಭೆಗೆ ಬರುವುದಿಲ್ಲ. ಮುಂದಿನ ಸಭೆ ಮುಗಿದ ರಾತ್ರಿ ಕೇರಿಯಲ್ಲಿ ಪರದೆ ಕಟ್ಟೋಣ, 'ಸೈರಾಟ್' ಪೂರ್ತಿ ತೋರಿಸೋಣ. ತಮ್ಮ ಹಾಡಿಗೆ ಎದ್ದು ಕುಣಿಯಲಿ, ಕಾಕಾನೂ ಬೇಕಾದರೆ ಕುಣಿಯಲಿ. ಹಾಡು ನಿಂತ ಮೇಲೆ ಇಬ್ಬರೂ ಎದ್ದು ಹೋಗದಿದ್ದರೆ ಸಾಕು.