ಚಲಾವಣೆ ಕಾಣದ ನಾಣ್ಯ

ನಿವೃತ್ತ ಮೇಷ್ಟರಾದ ನಮ್ಮ ಚಿಕ್ಕಪ್ಪನ ಬೀರುವಿನಲ್ಲಿ ಆರು ಮಖಮಲ್ಲಿನ ಪೆಟ್ಟಿಗೆಗಳಿದ್ದವು. ರವೀಂದ್ರನಾಥ ಟ್ಯಾಗೋರರು ಹುಟ್ಟಿ ನೂರೈವತ್ತು ವರ್ಷವಾಯಿತೆಂದು 2011ರಲ್ಲಿ ಹೊರಬಂದ 150 ರೂಪಾಯಿಯ ನಾಣ್ಯಗಳು ಅವು. ಮಾರಿದವನು, ‘ಇದು ಚಲಾವಣೆಗೆ ಬರೋದೇ ಇಲ್ಲ ಸಾರ್, ಅದಕ್ಕೇ ಬೆಲೆ ಏರ್ತಾನೇ ಇರುತ್ತೆ’ ಎಂದಿದ್ದನಂತೆ. ಚಿಕ್ಕಮ್ಮನ ಆಪರೇಷನ್ನಿಗೆ ದುಡ್ಡು ಸಾಲದಾದಾಗ ಅವನ್ನು ಮಾರಲು ಒಯ್ದವನು ನಾನು. ಅಂಗಡಿಯವನು ಪೆಟ್ಟಿಗೆ ಪಕ್ಕಕ್ಕಿಟ್ಟು ನಾಣ್ಯವನ್ನಷ್ಟೇ ತಕ್ಕಡಿಗೆ ಹಾಕಿದ. 35 ಗ್ರಾಂ ತೂಕ, ಅದರಲ್ಲಿ ಅರ್ಧ ಮಾತ್ರ ಬೆಳ್ಳಿ. ಮಿಕ್ಕದ್ದು ತಾಮ್ರ, ನಿಕ್ಕಲ್, ಸತು. ಹದಿನೇಳೂವರೆ ಗ್ರಾಂ ಬೆಳ್ಳಿಯ ರೇಟು ಹೇಳಿದ. ಚಿಕ್ಕಪ್ಪ ಕೊಟ್ಟ ಬೆಲೆಯ ಹತ್ತಿರಕ್ಕೂ ಅದು ಬರಲಿಲ್ಲ.

ಅಂಗಡಿಯವನ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟಿರುವುದು ‘ಚಲಾವಣೆಗೆ ಬರೋದೇ ಇಲ್ಲ’ ಎಂಬುದನ್ನೇ ಬೆಲೆಯೆಂದು ನಂಬಿಸುವ ಮಾತಿನ ಮೇಲೆ.

ನಾಣ್ಯ ಅಪರೂಪವಾಗುವುದು ಕಳೆದುಹೋಗಿ, ಕರಗಿ, ಸವೆದು. ಟಿಪ್ಪುವಿನ ಕಾಲದ ಒಂದು ಆನೆಕಾಸು ಇಂದು ನಮ್ಮ ಅಂಗೈಗೆ ಬಂದಿದೆಯೆಂದರೆ, ಅದರ ಜೊತೆಯವು ಎಷ್ಟೋ ಹಾದಿಯಲ್ಲೇ ಉಳಿದಿವೆ. ಪೆಟ್ಟಿಗೆಯಲ್ಲೇ ಹುಟ್ಟಿ ಪೆಟ್ಟಿಗೆಯಲ್ಲೇ ಉಳಿಯುವ ನಾಣ್ಯಕ್ಕೆ ಈ ಯಾವ ಕಷ್ಟವೂ ಇಲ್ಲ. ಕೊಂಡವರೆಲ್ಲ ಜೋಪಾನ ಮಾಡುತ್ತಾರೆ. ಹಾಗಾಗಿ ಅದು ಕಡಿಮೆಯಾಗುವುದೇ ಇಲ್ಲ. ಅದರ ಅಪರೂಪ ಕಾಲ ಮಾಡಿದ್ದಲ್ಲ, ಟಂಕಸಾಲೆಯ ಕಡತದಲ್ಲಿ ಬರೆದದ್ದು.

‘1804ರ ಅಮೆರಿಕನ್ ಡಾಲರ್?’ ಎಂದು ಸಂಗ್ರಾಹಕ ಮಿತ್ರರು ಕೇಳುತ್ತಾರೆ. ಸರಿಯಾದ ಪ್ರಶ್ನೆ. ಅದೂ ಚಲಾವಣೆಗೆಂದು ಹುಟ್ಟಿದ್ದಲ್ಲ. 1834ರಲ್ಲಿ, ಸಯಾಮಿನ ದೊರೆ, ಮಸ್ಕತ್ತಿನ ಸುಲ್ತಾನರಿಗೆ ಉಡುಗೊರೆ ಕೊಡಲೆಂದು ಹಳೆಯ ಇಸವಿ ಹಾಕಿ ಅಚ್ಚೊತ್ತಿದ್ದು. 1999ರಲ್ಲಿ ಅಂಥದ್ದೊಂದು ನಲವತ್ತು ಲಕ್ಷ ಡಾಲರಿಗೂ ಮೇಲೆ ಹೋಯಿತು. ಆದರೆ ಅದನ್ನು ಮಾಡಿದವರು ಯಾವ ಮೇಷ್ಟರಿಗೂ ಹೂಡಿಕೆಯೆಂದು ಮಾರಲಿಲ್ಲ. ಬೆರಳೆಣಿಕೆಯಷ್ಟೇ ಇದ್ದದ್ದರಿಂದ, ಅದರ ಕತೆಯಿಂದ ಆ ಬೆಲೆ ಬಂತು. ನಮ್ಮ ಪೆಟ್ಟಿಗೆ ನಾಣ್ಯಗಳಲ್ಲೂ ಕೆಲವು ಏರಿವೆ, ನಿಜ. ಲಾಟರಿಯೂ ಕೆಲವರಿಗೆ ಹೊಡೆಯುತ್ತದೆ.

ಅದೇ 2011ರಲ್ಲಿ ಅದೇ ಟ್ಯಾಗೋರರ ಮುಖವಿದ್ದ 5 ರೂಪಾಯಿ ನಾಣ್ಯವೂ ಬಂತು. ಅದು ಬಸ್ಸು ಹತ್ತಿತು, ಸಂತೆಗೆ ಹೋಯಿತು, ಹುಂಡಿಗೆ ಬಿತ್ತು. 150ರದನ್ನು ಕಿರಾಣಿ ಅಂಗಡಿಯಲ್ಲಿ ಕೊಟ್ಟುನೋಡಿ; ಶೆಟ್ಟರು ನಕ್ಕು ವಾಪಸ್ಸು ಕೊಡುತ್ತಾರೆ.

ಸ್ಮಾರಕ ಬೇಕಾದರೆ ಮಾಡಲಿ, ಚೆಂದದ ಕೆಲಸ. ಆದರೆ ಅದನ್ನು ಪದಕವೆಂದೇ ಕರೆಯಲಿ, ಯಾರೂ ಖರ್ಚು ಮಾಡದ ರೂಪಾಯಿಯ ಅಂಕಿ ಅದರ ಮೇಲೆ ಬೇಡ. ಕೊಳ್ಳುವವರು ಕೊಳ್ಳುವ ಮುನ್ನ ಒಂದೇ ಮಾತು ಕೇಳಲಿ: ‘ನಾಳೆ ನೀವೇ ಇದನ್ನು ವಾಪಸ್ಸು ಎಷ್ಟಕ್ಕೆ ಕೊಳ್ಳುತ್ತೀರಿ?’ ಚಿಕ್ಕಪ್ಪ ಅಂದು ಅದನ್ನು ಕೇಳಿರಲಿಲ್ಲ. ಆರರಲ್ಲಿ ಐದನ್ನು ನಾವು ಬೆಳ್ಳಿಯ ಬೆಲೆಗೇ ಕೊಟ್ಟು ಬಂದೆವು.