ಬುಡ ಕೀಳಲಿಕ್ಕೆ ಬಕೆಟ್ ಬೇಡ ಮಾರಾಯ್ರೇ

ಪತ್ತನಾಜೆ ಹತ್ತಿರ ಬಂತು ಅಂದರೆ ನನ್ನ ಫೋನಿಗೆ ಒಂದೇ ನಮೂನೆಯ ಪ್ರಶ್ನೆ. "ಜೆಸಿಬಿ ಗಂಟೆಗೆ ಎಷ್ಟು ಉಂಟು ಈಗ?" ಈ ವಾರ ಮೂರು ಜನ ಕೇಳಿದರು. ಮೂವರದ್ದೂ ಹಡಿಲು ಗದ್ದೆ. ಮೂವರಿಗೂ ಈ ಸಲ ಕಾರ್ತಿ ಬೆಳೆ ಮಾಡಲೇಬೇಕು ಅಂತ ಹುರುಪು. ಗದ್ದೆ ತುಂಬ ಹತ್ತು ಹದಿನೈದು ವರ್ಷದ ಅಕೇಶಿಯಾ, ಉಪ್ಪಳಿಗೆ, ಗೊಬ್ಬರದ ಗಿಡ, ನಡುನಡುವೆ ಕಮ್ಯುನಿಸ್ಟ್ ಗಿಡದ ಪೊದೆ. ಬಾಡಿಗೆ ಎಷ್ಟು ಅಂತ ಹೇಳಿದೆ, ಜೊತೆಗೆ "ಕರೆಸಬೇಡಿ" ಅಂತಲೂ ಹೇಳಿದೆ. ಯಾಕೆ ಅಂತ ಫೋನಿನಲ್ಲಿ ಹೇಳಿ ಮುಗಿಯುವುದಿಲ್ಲ. ಹಾಗಾಗಿ ಇಲ್ಲಿ ಉದ್ದಕ್ಕೆ ಬರೆಯುತ್ತಿದ್ದೇನೆ, ಪುರುಸೊತ್ತು ಮಾಡಿ ಓದಿ.

ಮೊದಲು ನನ್ನದೇ ದಡ್ಡತನ. 2021ರಲ್ಲಿ ಕೇದಾರೋತ್ಥಾನ ಟ್ರಸ್ಟ್ ಹಡಿಲು ಭೂಮಿ ಕೃಷಿ ಆಂದೋಲನ ಮಾಡಿದ್ದು ನಿಮಗೆಲ್ಲ ನೆನಪಿರಬಹುದು. ಉಡುಪಿ ಸುತ್ತಮುತ್ತ ಸುಮಾರು 1500 ಎಕರೆ ಹಡಿಲು ಬಿದ್ದ ಗದ್ದೆಗೆ ಮತ್ತೆ ನೇಜಿ ಬಿತ್ತು, ಆ ಅಕ್ಕಿ 'ಉಡುಪಿ ಕೇದಾರ ಕಜೆ' ಅಂತ ಪೇಟೆಗೆ ಬಂತು. ಅದನ್ನು ನೋಡಿ ನನಗೂ ತಲೆಗೆ ಹತ್ತಿತು. ಮರುವರ್ಷ ನಮ್ಮ ಅಂಬಲಪಾಡಿಯ ಬೈಲಿನಲ್ಲಿರುವ 60 ಸೆಂಟ್ಸ್ ಗದ್ದೆ ಬಿಡಿಸುವುದು ಅಂತ ಸ್ವಂತಕ್ಕೆ ಹೊರಟೆ. ಅಪ್ಪ ಹೋದ ಮೇಲೆ ಹದಿಮೂರು ವರ್ಷ ಅದಕ್ಕೆ ಯಾರೂ ಇಳಿದಿರಲಿಲ್ಲ.

ಎಲ್ಲರೂ ಮಾಡುವ ಹಾಗೆಯೇ ಮಾಡಿದೆ. ಮೊದಲು ಮೆಷಿನ್ ಗರಗಸದವನನ್ನು ಕರೆಸಿ ಮರಗಳನ್ನೆಲ್ಲ ಬುಡಕ್ಕೆ ಸಮ ಕಡಿಸಿದೆ. ಸೌದೆ ಮಾರಿದ ದುಡ್ಡು ಬಂತು, ಖುಷಿಯಾಯಿತು. ಆಮೇಲೆ ನೋಡಿದರೆ ಗದ್ದೆಯಲ್ಲಿ 38 ಕುತ್ತಿ. ಹಳದಿ ಮೆಷಿನ್ ಕರೆಸಿದೆ. ಮೂರೂವರೆ ಗಂಟೆಯಲ್ಲಿ ಕೆಲಸ ಮುಗಿಯಿತು. ಒಂದೊಂದು ಕುತ್ತಿಗೂ ಸುತ್ತ ಗುಂಡಿ ತೋಡಿ, ಬಕೆಟ್ ಅಡಿಗೆ ಕೊಟ್ಟು ಎತ್ತಿದ, ಮಣ್ಣು ಸಮೇತ ಹುಣಿಯ ಆಚೆ ಹಾಕಿದ. ಕೊನೆಗೆ ಮುಂದಿನ ಬಕೆಟ್ಟಿನಲ್ಲಿ ಎಲ್ಲ ಗುಂಡಿ ಮುಚ್ಚಿ ಗದ್ದೆಯನ್ನು ಕ್ರಿಕೆಟ್ ಗ್ರೌಂಡಿನ ಹಾಗೆ ಮಾಡಿಕೊಟ್ಟ. ಆಪರೇಟರ್ ಹುಡುಗ ಪಾಪ ನೀಟಾಗಿಯೇ ಮಾಡಿದ್ದಾನೆ. ತಪ್ಪು ಅವನದ್ದೂ ಅಲ್ಲ, ಮೆಷಿನ್ನದ್ದೂ ಅಲ್ಲ, ಬಾವಿ ತೋಡುವ ಮೆಷಿನ್ನನ್ನು ಗದ್ದೆಗೆ ಕರೆದ ನನ್ನದು.

ಜೂನ್‌ನಲ್ಲಿ ಮಳೆ ಹಿಡಿಯಿತು. ಮೇಲಿನ ಗದ್ದೆಯಲ್ಲಿ ನೀರು, ಕೆಳಗಿನ ಗದ್ದೆಯಲ್ಲಿ ನೀರು, ನನ್ನ ಗದ್ದೆಯಲ್ಲಿ ಮಳೆ ನಿಂತು ಎರಡು ಗಂಟೆಯಾದರೆ ನೀರಿಲ್ಲ. ಎಂಒ4 ನೇಜಿ ನೆಟ್ಟೆವು. ನೀರು ನಿಲ್ಲದ ಗದ್ದೆಯಲ್ಲಿ ಎಂತ ಏಳುತ್ತದೆ? ಕಳೆ ಏಳುತ್ತದೆ. ಅಮ್ಮ ಒಂದು ದಿನ ಹುಣಿಯಲ್ಲಿ ನಿಂತು ನೋಡಿದರು. ಅವರು ಹೇಳಿದ್ದು ತುಳುವಿನಲ್ಲಿ, ಕನ್ನಡಕ್ಕೆ ತಂದರೆ ಇಷ್ಟು: "ಗದ್ದೆಯ ಅಡಿ ತೂತು ಮಾಡಿಸಿದ್ದೀ ಮಗಾ. ತೂತಾದ ಕೊಡಪಾನಕ್ಕೆ ಎಷ್ಟು ನೀರು ಹೊಯ್ದರೆ ಎಂತ?"

ಆ 'ಅಡಿ' ಎಂತದ್ದು ಅಂತ ಈಗಿನವರಿಗೆ ಹೇಳಬೇಕು. ಗದ್ದೆಯನ್ನು ವರ್ಷ ವರ್ಷ ಕೆಸರು ಮಾಡಿ ಉತ್ತು ಉತ್ತು, ಎತ್ತು-ಕೋಣಗಳ ಕಾಲು, ಜನರ ಕಾಲು ಬಿದ್ದು ಬಿದ್ದು, ನುಣ್ಣಗಿನ ಮಣ್ಣು ಕೆಳಗಿಳಿದು ಒಂದು ಗೇಣಿನಷ್ಟು ಆಳದಲ್ಲಿ ಗಟ್ಟಿ ಪದರ ಆಗುತ್ತದೆ. ದಪ್ಪ ಎಷ್ಟು? ಮೂರು ನಾಲ್ಕು ಇಂಚು ಇದ್ದರೆ ಹೆಚ್ಚು. ಮೇಲಿನ ಕೆಸರು ಭತ್ತಕ್ಕೆ, ಕೆಳಗಿನ ಈ ಪದರ ನೀರಿಗೆ. ನಮ್ಮ ಬೈಲಿನಲ್ಲಿ ಎರಡು ಅಡಿ ಕೆಳಗೆ ಹೋದರೆ ಹೊಯ್ಗೆ ಮಿಶ್ರ ಮಣ್ಣು ಸಿಗುತ್ತದೆ, ಕಡಲು ಎಷ್ಟು ದೂರ ಉಂಟು ಹೇಳಿ. ಆ ಹೊಯ್ಗೆಯ ಮೇಲೆ ನೀರು ನಿಂತದ್ದು ಆ ಮೂರು ಇಂಚಿನಿಂದ. ಅದನ್ನು ಮಾಡಲಿಕ್ಕೆ ನಮ್ಮ ಅಜ್ಜಂದಿರ ಕಾಲ ಹಿಡಿದಿದೆ. ನಾನು ಮೂರೂವರೆ ಗಂಟೆಯಲ್ಲಿ 38 ಕಡೆ ಒಡೆಸಿದೆ, ಬಾಡಿಗೆ ಕೊಟ್ಟು.

ಇನ್ನೊಂದು ಲೆಕ್ಕ ಬಾಕಿ ಉಂಟು. ಬಕೆಟ್ಟಿನವ ಬೇರಿನ ಜೊತೆ ಹುಣಿಯಾಚೆ ಹಾಕಿದ ಮಣ್ಣು ಯಾವುದು? ಮೇಲಿನದ್ದು. ಹಟ್ಟಿಗೊಬ್ಬರ, ಸುಡುಮಣ್ಣು, ಸೊಪ್ಪು ಹಾಕಿ ಮಾಡಿದ ಕಪ್ಪು ಮಣ್ಣು. ಗುಂಡಿ ಮುಚ್ಚಿದ್ದು ಯಾವುದರಿಂದ? ಅಡಿಯಿಂದ ಬಂದ ಕೆಂಪು-ಬಿಳಿ ಮಣ್ಣಿನಿಂದ. ಮರುವರ್ಷ ಪೈರು ನೋಡಿಯೇ ಎಲ್ಲೆಲ್ಲಿ ಕುತ್ತಿ ಇತ್ತು ಅಂತ ಹೇಳಬಹುದಿತ್ತು, 38 ಹಳದಿ ಮಚ್ಚೆ. ಕೆರೆಯ ಹೂಳು ತಂದು ಗುಂಡಿಗಳಿಗೆ ತುಂಬಿಸಿ, ಮೂರು ಮೂರು ಸಲ ಟಿಲ್ಲರ್ ಹೊಡೆಸಿ ಕೆಸರು ಮಾಡಿ, ಮೂರನೇ ವರ್ಷ ಗದ್ದೆ ಗದ್ದೆಯ ಹಾಗೆ ಕಂಡಿತು. ಆ ಖರ್ಚಿನ ಮುಂದೆ ಸೌದೆಯ ದುಡ್ಡು ಎಲ್ಲಿಗೂ ಸಾಲಲಿಲ್ಲ.

ಈಗ ಎರಡನೇ ಗದ್ದೆಯ ವಿಷಯ. ಮಜಲಿನಲ್ಲಿ 45 ಸೆಂಟ್ಸ್, ಅದೂ ಹಡಿಲು, ಅದರಲ್ಲೂ ಅದೇ ಮರಗಳು. ಕಳೆದ ಡಿಸೆಂಬರ್‌ನಲ್ಲಿ ಅದನ್ನು ಬಿಡಿಸಿದ್ದು ಬೇರೆ ರೀತಿಯಲ್ಲಿ. ಕಾರ್ಕಳ ಕಡೆಯ ಒಬ್ಬರ ಹತ್ತಿರ ಟ್ರಾಕ್ಟರಿನ ಮುಂದೆ ಲೋಡರ್ ಕೂಡಿಸಿ, ಅದರ ತುದಿಗೆ ಬಕೆಟ್ಟಿನ ಬದಲು ಗ್ರ್ಯಾಪಲ್ ಹಾಕಿದ್ದು ಉಂಟು. ಅವರು ಮರದ ದಿಮ್ಮಿ ಎತ್ತಲಿಕ್ಕೆ ಅಂತ ಮಾಡಿಸಿಕೊಂಡದ್ದು. ಕೆಳಗೆ ಬಾಚಣಿಗೆಯ ಹಾಗೆ ಕಬ್ಬಿಣದ ಹಲ್ಲು, ಮೇಲಿನಿಂದ ಇನ್ನೊಂದು ದವಡೆ ಹೈಡ್ರಾಲಿಕ್‌ನಲ್ಲಿ ಬಂದು ಕಚ್ಚುತ್ತದೆ. ಲೋಡರ್ ಏರಿಳಿಯುವ, ಓರೆಯಾಗುವ ಎರಡು ಲೈನ್ ಅಲ್ಲದೆ ಈ ದವಡೆಗೆ ಅಂತ ಮೂರನೇ ಹೈಡ್ರಾಲಿಕ್ ಲೈನ್ ಬೇಕು, ಅಷ್ಟೇ ವಿಶೇಷ. ನಮ್ಮ ಕೆಲಸದ ಹುಡುಗರು ನೋಡಿದ ಕೂಡಲೇ ಅದಕ್ಕೆ 'ಡೆಂಜಿ' ಅಂತ ಹೆಸರಿಟ್ಟರು. ತುಳು ಬಾರದವರಿಗೆ: ಡೆಂಜಿ ಅಂದರೆ ಏಡಿ.

ಡೆಂಜಿಯ ಕೆಲಸ ಹೇಗೆ ಅಂದರೆ, ಮರವನ್ನು ಕಡಿಯಲಿಕ್ಕೇ ಇಲ್ಲ. ಇಲ್ಲಿಯೇ ನಾವೆಲ್ಲ ಎಡವುವುದು. ನಿಂತ ಮರದ ಕಾಂಡವೇ ಒಂದು ಹಾರೆ. ಎದೆ ಎತ್ತರದಲ್ಲಿ ನೂಕಿದರೆ ಅಡಿಯ ಬೇರು ತಾನಾಗಿ ಮೀಟಿ ಏಳುತ್ತದೆ. ಕಾಂಡ ಕಡಿದು ಹಾಕಿದ ಮೇಲೆ ಹಿಡಿಯಲಿಕ್ಕೆ ಎಂತ ಉಂಟು? ಆಮೇಲೆ ತೋಡದೆ ಬೇರೆ ದಾರಿಯೇ ಇಲ್ಲ. ಸೌದೆಯ ಆಸೆಗೆ ನಾವು ಮೊದಲು ಕಡಿಯುವುದು ಹಾರೆಯನ್ನೇ.

ಡ್ರೈವರ್ ಮೊದಲು ಕಾಂಡವನ್ನು ಹಲ್ಲಿನಿಂದ ಸ್ವಲ್ಪ ನೂಕುತ್ತಾನೆ, ಪೂರ್ತಿ ಬೀಳಿಸುವುದಿಲ್ಲ. ಒಂದು ಬದಿಯ ಬೇರು 'ಟಪ್' ಅಂತ ತುಂಡಾದ ಶಬ್ದ ಕೇಳುತ್ತದೆ. ಸುತ್ತು ಬಂದು ಇನ್ನೊಂದು ಬದಿಯಿಂದ ನೂಕುತ್ತಾನೆ. ಆಮೇಲೆ ಬುಡದ ಹತ್ತಿರ ಕಚ್ಚಿ ನಿಧಾನ ಮೇಲಕ್ಕೆ. ಮೂಲಂಗಿ ಕಿತ್ತ ಹಾಗೆ ಬರುತ್ತದೆ. ಎತ್ತಿ ಹಿಡಿದು ಎರಡು ಸಲ ಕುಲುಕಿದರೆ ಬೇರಿನ ಮಣ್ಣು ಹಲ್ಲಿನ ಸಂದಿಯಿಂದ ಅದೇ ಗುಂಡಿಗೆ ವಾಪಸ್ ಬೀಳುತ್ತದೆ. ಉಳಿಯುವ ಗುಂಡಿ ಒಂದು ಬುಟ್ಟಿಯಷ್ಟು. ಹಾರೆಯಲ್ಲಿ ನಾಲ್ಕು ಸಲ ಎಳೆದರೆ ಮುಚ್ಚಿತು. ಅಡಿಯ ಪದರಕ್ಕೆ ಪೆಟ್ಟೇ ಆಗುವುದಿಲ್ಲ ಅಂತ ಹೇಳುವುದಿಲ್ಲ, ತಾಯಿಬೇರು ಅದನ್ನು ತೂರಿಯೇ ಹೋಗಿರುತ್ತದೆ. ಆದರೆ ಬೇರು ಮಾಡಿದ ತೂತು ಬೇರೆ, ಬಕೆಟ್ ಮಾಡಿದ ಬಾವಿ ಬೇರೆ. ಟ್ರಾಕ್ಟರಿನ ಭಾರ ಲೋಡರ್ ಸೇರಿ ಎರಡೂವರೆ ಟನ್ ಹತ್ತಿರ, ಹಳದಿ ಮೆಷಿನ್ ಅದರ ಮೂರು ಪಟ್ಟು. ಗದ್ದೆಗೆ ಇದೂ ಲೆಕ್ಕಕ್ಕೆ ಬರುತ್ತದೆ.

ಐದಾರು ಇಂಚು ದಪ್ಪದವರೆಗೆ ಡೆಂಜಿಗೆ ಕಷ್ಟ ಆಗಲಿಲ್ಲ. ಅದಕ್ಕಿಂತ ದಪ್ಪದ ನಾಲ್ಕು ಅಕೇಶಿಯಾಕ್ಕೆ ಸುತ್ತ ಪಿಕ್ಕಾಸಿನಿಂದ ಅಡ್ಡಬೇರು ಬಿಡಿಸಿ, ಕೊಡಲಿ ಹಾಕಿ ಕೊಡಬೇಕಾಯಿತು. ಒಂದು ಹಳೇ ಗೇರುಮರವನ್ನು ಮುಟ್ಟಲೇ ಇಲ್ಲ, ಅದು ಮೂಲೆಯಲ್ಲಿ ಹಾಗೇ ಉಂಟು, ಬೀಜವೂ ಕೊಡುತ್ತದೆ.

"ಹೊತ್ತು ಹೆಚ್ಚು ಬೇಕಲ್ವಾ?" ಅಂತ ಕೇಳುತ್ತೀರಿ. ಬೇಕು. ಆ 45 ಸೆಂಟ್ಸ್‌ಗೆ ಒಂದೂವರೆ ದಿನ ಹಿಡಿಯಿತು, ಕಾರ್ಕಳದಿಂದ ಟ್ರಾಕ್ಟರ್ ಬಂದು ಹೋದ ಬಾಡಿಗೆ ಬೇರೆ. ಕೈಬಿಟ್ಟ ದುಡ್ಡು ಮಾತ್ರ ನೋಡಿದರೆ ಬಕೆಟ್ಟಿಗಿಂತ ಜಾಸ್ತಿಯೇ ಆಗಿದೆ, ನಾನು ಅಡಗಿಸುವುದಿಲ್ಲ. ಆದರೆ ಗಂಟೆ ಲೆಕ್ಕದಲ್ಲಿ ಗದ್ದೆಯ ಕೆಲಸ ಅಳೆಯುವ ಚಾಳಿ ನಮಗೆ ಎಲ್ಲಿಂದ ಬಂತು? ಸೈಟ್ ಸಮ ಮಾಡಿಸುವವರಿಂದ. ಸೈಟಿನಲ್ಲಿ ನೀರು ನಿಲ್ಲಬಾರದು, ಗದ್ದೆಯಲ್ಲಿ ನಿಲ್ಲಬೇಕು. ಎರಡಕ್ಕೂ ಒಂದೇ ಮೆಷಿನ್, ಒಂದೇ ರೀತಿ ಅಂದರೆ ಹೇಗೆ?

ಇನ್ನು ಕೆಲವರು, "ಟ್ರಾಕ್ಟರಿನ ಹಿಂದೆ ಸರಪಳಿ ಕಟ್ಟಿ ಎಳೆದರಾಯಿತು, ಡೆಂಜಿ ಯಾಕೆ" ಅನ್ನುತ್ತಾರೆ. ಇದನ್ನು ದಯವಿಟ್ಟು ಮಾಡಬೇಡಿ. ಬೇರು ಬಿಡದಿದ್ದಾಗ ಹಿಂದಿನ ಚಕ್ರ ನಿಂತಲ್ಲೇ ಉಳಿದು ಟ್ರಾಕ್ಟರಿನ ಮೂತಿ ಮೇಲಕ್ಕೇಳುತ್ತದೆ. ಸರಪಳಿ ಎತ್ತರದಲ್ಲಿ, ಟಾಪ್ ಲಿಂಕಿನ ಜಾಗದಲ್ಲಿ ಕಟ್ಟಿದ್ದರಂತೂ ಕಣ್ಣು ಮುಚ್ಚಿ ತೆರೆಯುವುದರೊಳಗೆ ಹಿಂದಕ್ಕೆ ಮಗುಚಿ ಡ್ರೈವರ್ ಅಡಿಗೆ ಬೀಳುತ್ತಾನೆ. ಎಳೆಯಲೇಬೇಕು ಅಂತಾದರೆ ಅಡಿಯ ಡ್ರಾಬಾರಿಗೇ ಕಟ್ಟಬೇಕು, ಜರ್ಕ್ ಕೊಡಬಾರದು, ಹತ್ತಿರ ಯಾರೂ ನಿಲ್ಲಬಾರದು. ಡೆಂಜಿಗೂ ಅದರದ್ದೇ ಜಾಗ್ರತೆ ಉಂಟು. ಹಿಂದೆ ಭಾರ ಕಟ್ಟದೆ ಮುಂದೆ ಎತ್ತಿದರೆ ಹಿಂದಿನ ಚಕ್ರ ಹಗುರಾಗುತ್ತದೆ. ಕಿತ್ತ ಮರವನ್ನು ಎತ್ತರಕ್ಕೆ ಹಿಡಿದು ಹುಣಿ ದಾಟಿದರೆ ಬದಿಗೆ ವಾಲುತ್ತದೆ. ಮೊಣಕಾಲೆತ್ತರದಲ್ಲಿ ಹಿಡಿದು ಹೋಗಲಿಕ್ಕೆ ಹೇಳಿ.

ಹುಣಿ ಅಂದಾಗ ನೆನಪಾಯಿತು. ಹುಣಿಯ ಮೇಲಿನ ಮರ ಮಾತ್ರ ಕೀಳಿಸಬೇಡಿ, ಬೇರಿನ ಜೊತೆ ಹುಣಿಯೇ ಬಂದೀತು. ಅದನ್ನು ಕಡಿಯುವುದೇ ಸರಿ. ಗೊಬ್ಬರದ ಗಿಡ ಆದರೆ ಮತ್ತೆ ಚಿಗುರುತ್ತದೆ, ಚಿಗುರಲಿ, ವರ್ಷಕ್ಕೆ ಎರಡು ಸಲ ಸೊಪ್ಪು ಸಿಕ್ಕಿತು. ಗದ್ದೆಯ ಒಳಗೆ ಅದೇ ಗಿಡ ಕಡಿದು ಬಿಟ್ಟರೆ ಮಾತ್ರ ತಲೆನೋವು, ಒಂದಿದ್ದ ಕಡೆ ಎಂಟು ಕೋಲು. ತೆಂಗಿನ ಬುಡ ಕಿತ್ತರೆ ಮೂಲೆಯಲ್ಲಿ ರಾಶಿ ಹಾಕಿ ಕೊಳೆಯಲು ಬಿಡಬೇಡಿ, ಕುರುವಾಯಿ ಅಲ್ಲೇ ಮೊಟ್ಟೆ ಇಟ್ಟು ನಿಮ್ಮ ಇರುವ ತೆಂಗಿಗೆ ಹಾರುತ್ತದೆ. ಕಿತ್ತ ಅಕೇಶಿಯಾ ಕೊಂಬೆಗಳನ್ನು ಗದ್ದೆಯಲ್ಲೇ ಸುಡುವುದೂ ಬೇಡ. ಅದರ ಬೀಜದ ಸಿಪ್ಪೆ ಗಟ್ಟಿ, ಬಿಸಿ ತಾಗಿದರೆ ಮೊಳಕೆಗೆ ಸುಲಭ. ಬೆಂಕಿ ಹಾಕಿದ ಜಾಗದ ಸುತ್ತ ಮಳೆಗಾಲದಲ್ಲಿ ಅಕೇಶಿಯಾ ನೇಜಿ ಎದ್ದದ್ದನ್ನು ನಾನೇ ಕಿತ್ತಿದ್ದೇನೆ.

ಮೇ ತಿಂಗಳಲ್ಲಿ ಯಾಕೆ ಎಲ್ಲರೂ ಓಡುವುದು ಅಂತಲೂ ನನಗೆ ಅರ್ಥ ಆಗುವುದಿಲ್ಲ. ಏಪ್ರಿಲ್-ಮೇಯಲ್ಲಿ ಮಜಲಿನ ಮಣ್ಣು ಕಲ್ಲಿನ ಹಾಗೆ, ಬೇರು ನಡುವೆ ತುಂಡಾಗುತ್ತದೆ, ಅಡಿಯದ್ದು ಒಳಗೇ ಉಳಿಯುತ್ತದೆ. ಎರಡು ಮಳೆ ಬಿದ್ದ ಮೇಲೆ ಬೈಲಿಗೆ ಇಳಿಸಿದರೆ ಚಕ್ರ ಹೂತು ಮತ್ತೊಂದು ಅವಾಂತರ. ಹಡಿಲು ಗದ್ದೆಯಲ್ಲಿ ಬೆಳೆ ಇಲ್ಲ, ಕಾಯುವುದು ಯಾರಿಗೆ? ದೀಪಾವಳಿ ಕಳೆದು ಡಿಸೆಂಬರ್ ಒಳಗೆ ಮಣ್ಣು ಅರೆ ಹಸಿ ಇರುತ್ತದೆ, ಟ್ರಾಕ್ಟರನ್ನೂ ಹೊರುತ್ತದೆ, ಬೇರನ್ನೂ ಬಿಡುತ್ತದೆ. ಮಳೆಗೆ ಮೊದಲು ಎರಡು ಸಲ ಉಳಲಿಕ್ಕೂ ಸಮಯ ಸಿಗುತ್ತದೆ.

ಬಕೆಟ್ ಮೆಷಿನ್ ಊರಿಗೆ ಹತ್ತು ಉಂಟು, ಡೆಂಜಿ ಹುಡುಕಲಿಕ್ಕೆ ನಾನು ಕಾರ್ಕಳಕ್ಕೆ ಹೋಗಬೇಕಾಯಿತು. ಟಿಲ್ಲರ್, ನಾಟಿ ಯಂತ್ರ ಬಾಡಿಗೆಗೆ ಸಿಗಲಿ ಅಂತ ಸರ್ಕಾರ ಕೃಷಿ ಯಂತ್ರಧಾರೆ ಮಾಡಿತು, ಒಳ್ಳೆಯದೇ. ಆದರೆ ಹಡಿಲು ಗದ್ದೆಗೆ ನಾಟಿ ಯಂತ್ರ ಇಳಿಯಬೇಕಾದರೆ ಮೊದಲು ಬುಡ ಹೋಗಬೇಕಲ್ಲ. ತಾಲೂಕಿಗೆ ಒಂದು ಲೋಡರ್, ಒಂದು ಗ್ರ್ಯಾಪಲ್, ಕೆಲಸ ಗೊತ್ತಿರುವ ಒಬ್ಬ ಡ್ರೈವರ್ ಇಟ್ಟರೆ ಅದು ವರ್ಷವಿಡೀ ಓಡುತ್ತದೆ. ಹಡಿಲು ಭೂಮಿ ಬಗ್ಗೆ ಸಭೆಯಲ್ಲಿ ಮಾತಾಡುವವರು ಇದನ್ನು ಕೇಳಿಸಿಕೊಳ್ಳಬೇಕು.

ನನ್ನ ಬೈಲು ಗದ್ದೆಗೆ ತಾಗಿ ದೊಡ್ಡಪ್ಪನ ಮಗನ 70 ಸೆಂಟ್ಸ್ ಉಂಟು. ಅಣ್ಣ ಮುಂಬೈಯಲ್ಲಿ. ಮೊನ್ನೆ ಫೋನ್ ಮಾಡಿ, "ನೀನೇ ನಿಂತು ಜೆಸಿಬಿಯಲ್ಲಿ ಕ್ಲೀನ್ ಮಾಡಿಸು, ಈ ವರ್ಷ ಬೆಳೆ ತೆಗೆ, ಆಗದಿದ್ದರೆ ಮಣ್ಣು ಹಾಕಿಸಿ ಬಿಡುವ" ಅಂದ. ನನಗೆ ಎದೆ ಧಸಕ್ಕೆಂದಿತು. ಬಕೆಟ್ ಹಾಕಿದರೆ ಮೊದಲ ವರ್ಷ ನೀರು ನಿಲ್ಲುವುದಿಲ್ಲ, ಬೆಳೆ ಬರುವುದಿಲ್ಲ. ಬೆಳೆ ಬಾರದ ಗದ್ದೆ ನೋಡಿ ಅಣ್ಣ "ಹೇಳಿದೆನಲ್ಲ, ಪ್ರಯೋಜನ ಇಲ್ಲ" ಅಂತ ಲೋಡು ಮಣ್ಣು ಹಾಕಿಸುತ್ತಾನೆ. ಬೈಪಾಸ್ ಹತ್ತಿರದ ಜಾಗ, ಕೇಳುವವರು ಸಾಲಾಗಿ ನಿಂತಿದ್ದಾರೆ. ಅವನ ಗದ್ದೆ ಎತ್ತರ ಆದರೆ ನನ್ನ ಗದ್ದೆಯ ನೀರು ಹೋಗುವ ದಾರಿಯೇ ಮುಚ್ಚಿತು. ನಮ್ಮ ಬೈಲಿನಲ್ಲಿ ಎರಡು ಗದ್ದೆ ಹೋದದ್ದು ಇದೇ ಕ್ರಮದಲ್ಲಿ.

"ಈ ವರ್ಷ ಹಡಿಲು ಇರಲಿ ಅಣ್ಣ, ಹದಿನೈದು ವರ್ಷ ಇತ್ತಲ್ಲ, ಇನ್ನೊಂದು. ಡಿಸೆಂಬರ್‌ನಲ್ಲಿ ಡೆಂಜಿ ತರಿಸುತ್ತೇನೆ, ನನ್ನ ಖರ್ಚಿನಲ್ಲಿ. ಮುಂದಿನ ಕಾರ್ತಿಗೆ ನೀರು ನಿಲ್ಲದಿದ್ದರೆ ಆಮೇಲೆ ನಿನ್ನ ಇಷ್ಟ" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಸೌದೆ ದುಡ್ಡಾದರೂ ಈಗ ಕಳಿಸ್ತೀಯಾ?" ಅಂದ. ಇಲ್ಲ, ಮರ ಕಡಿಯುವುದಿಲ್ಲ, ಡಿಸೆಂಬರ್‌ನಲ್ಲಿ ಕಿತ್ತ ಮೇಲೆ ಸೌದೆ ಎಲ್ಲ ನಿನ್ನದೇ ಅಂತ ಹೇಳಿದ್ದೇನೆ. ಸದ್ಯಕ್ಕೆ ಒಪ್ಪಿದ್ದಾನೆ.

ಟ್ರಾಕ್ಟರ್ ಅಷ್ಟು ದೂರದಿಂದ ಬರುವುದು ಒಂದೇ ಗದ್ದೆಗೆ ಅಂದರೆ ದಂಡ. ಕಿದಿಯೂರು, ಕಡೆಕಾರು, ಕಿನ್ನಿಮೂಲ್ಕಿ ಕಡೆ ಯಾರದ್ದಾದರೂ ಹಡಿಲು ಗದ್ದೆ ಇದ್ದರೆ ದೀಪಾವಳಿಗೆ ಮೊದಲು ತಿಳಿಸಿ. ನಾಲ್ಕು ಜನ ಆದರೆ ಬಂದು ಹೋಗುವ ಬಾಡಿಗೆ ಹಂಚಿಕೊಳ್ಳುವ. ಅಷ್ಟರವರೆಗೆ ಗರಗಸದವರನ್ನು ಗದ್ದೆಗೆ ಇಳಿಸಬೇಡಿ, ಮರ ನಿಂತೇ ಇರಲಿ.